ಕಾಡಿಗೆಯ ಎಣ್ಣೆ ಸೋಸಿದ ಬಟ್ಟೆ

ಅಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹುರಳಿಕಾಳು ಕೇರುತ್ತಿದ್ದೆ. ಯುದ್ಧದ ಕಾಲ, ಸಿಕ್ಕ ಕಾಳಿನಲ್ಲಿ ಅರ್ಧ ಕಲ್ಲು. ಬಾಗಿಲಲ್ಲಿ ತಾವರೆಕೆರೆಯ ರಂಗಪ್ಪ ಬಂದು ನಿಂತ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಮೋಟಾರಿನ ಮಸಿ ಅವನ ಹೆಗಲ ಮೇಲೆ ಕೂತಿತ್ತು. ಹೊಸಿಲು ದಾಟದೆ, ದನಿ ತಗ್ಗಿಸಿ ಹೇಳಿದ:

“ಬಸಮ್ಮಾರೇ, ನಮ್ಮ ಪುಟ್ಟತಾಯಿ ಕಣ್ಣು ಬುಡ್ತಾ ಇಲ್ಲ. ಮಖ ಎಲ್ಲ ಬಾತು ಕುಂಬಳಕಾಯಿ ಆಗೈತೆ. ನೀವು ಕೊಟ್ಟ ಕಾಡ್ಗೆ ಇಕ್ಕಂಡು ಮೂರ್ ದಿನ ಆತು. ಅತ್ಗೆ ನಿಮ್ಮನ್ನ ಕರ್ಕಂಡೇ ಬಾ ಅಂದವ್ಳೆ.”

ಮೊರವನ್ನು ಕೆಳಗಿಡಬೇಕೆಂದು ತೋಚಲಿಲ್ಲ. ಹಿಡಿದುಕೊಂಡೇ ಎದ್ದು ನಿಂತೆ. ಪುಟ್ಟತಾಯಿ ರಂಗಪ್ಪನ ಅಣ್ಣನ ಮಗಳು, ತಂದೆಯಿಲ್ಲದವಳು. ಅವಳನ್ನು ನೋಡಲು ಪಾವಗಡದ ಕಡೆಯಿಂದ ಗಂಡಿನವರು ಬರುವುದಕ್ಕೆ ಇನ್ನು ಒಂಬತ್ತು ದಿನವಿತ್ತು. ಕಣ್ಣೇ ಹೋದರೆ ನೋಡುವವರು ಯಾರು, ತೋರಿಸುವುದೇನು. ರಂಗಪ್ಪ ಬೀದಿಗೆ ಕೇಳುವಂತೆ ಕೂಗಾಡಲಿಲ್ಲ. ಆ ದಿನಗಳಲ್ಲಿ ಶಿವ ತೋರಿದ ಮೊದಲ ಕರುಣೆ ಅದು ಎಂದು ಆಮೇಲೆ ಲೆಕ್ಕ ಹಾಕಿಕೊಂಡೆ.

ಈಗ ಮದುವೆ ಹುಡುಗಿಯರನ್ನು ಸಿಂಗರಿಸುವ ಈ ಕೆಲಸಕ್ಕೆ ಬರುತ್ತಿರುವ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು, “ಅಜ್ಜಿ, ಕಪ್ಪು ಮುಖಕ್ಕೆ ಏನು ಹಚ್ಚಿದರೆ ಚೆನ್ನ” ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೆ ಏನು ಹಚ್ಚಬೇಕು ಎನ್ನುವುದಕ್ಕಿಂತ ಹಚ್ಚುವ ಕೈಗೆ ಎಷ್ಟು ಹೆದರಿಕೆ ಇರಬೇಕು ಎನ್ನುವುದನ್ನು ಮೊದಲು ತಿಳಿಯಿರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಹೆಸರಿರಲಿಲ್ಲ. ಕೊರಟಗೆರೆ ಸೀಮೆಯಿಂದ ಶಿರಾಕ್ಕೆ ಸೊಸೆಯಾಗಿ ಬಂದಾಗ ನನಗೂ ತಿಳಿದಿರಲಿಲ್ಲ. ನಾನೂ ಕಪ್ಪೇ. ನನ್ನನ್ನು ನೋಡಲು ಬಂದಿದ್ದವರು ನಮ್ಮ ಅತ್ತೆಯ ಅಕ್ಕ. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡತ್ತೆ ಎನ್ನುತ್ತಿದ್ದರು. ಅಂದು ಅವರು ಸೆರಗಿನ ಚುಂಗನ್ನು ಚೊಂಬಿನ ನೀರಿಗೆ ಅದ್ದಿ ನನ್ನ ಕೆನ್ನೆ ಒರೆಸಿದರು. ನಮ್ಮ ಕಡೆ ಹಾಗೆ ಮಾಡುತ್ತಿದ್ದರು. ಹಚ್ಚಿದ ಬಣ್ಣ ಯಾವುದು, ಹುಟ್ಟಿದ ಬಣ್ಣ ಯಾವುದು ಎಂದು ತಿಳಿಯಬೇಕಲ್ಲ. ಒರೆಸಿದ ಚುಂಗನ್ನು ಬೆಳಕಿಗೆ ಹಿಡಿದು ನೋಡಿ, “ಏನೂ ಬಳಿದಿಲ್ಲ. ಹುಡುಗಿ ಮನೆ ಸುಳ್ಳು ಹೇಳೋ ಮನೆಯಲ್ಲ” ಎಂದರು. ನಾನು ಶಿರಾಕ್ಕೆ ಬಂದದ್ದು ಹೀಗೆ.

ದೊಡ್ಡತ್ತೆಗೆ ಊರಿನಲ್ಲಿ ಕಾಡಿಗೆ ಮಾಡುವವರು ಎಂದು ಹೆಸರು. ಮಧ್ಯಾಹ್ನ ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿ ತಾಯಂದಿರು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದರು, ಹಿಂದೆ ತಲೆ ತಗ್ಗಿಸಿದ ಒಬ್ಬ ಹುಡುಗಿ. “ಇದನ್ನ ಒಸಿ ಬೆಳ್ಳಗೆ ಮಾಡ್ಕೊಡಿ” ಎಂಬುದೇ ಎಲ್ಲರ ಮಾತು. ದೊಡ್ಡತ್ತೆ ಹೇಳುತ್ತಿದ್ದುದೂ ಒಂದೇ ಮಾತು: “ಬೆಳ್ಳಗೆ ಮಾಡೋದು ಅಗಸರ ಕೆಲಸ. ನಾನು ಚೊಕ್ಕ ಮಾಡ್ಕೊಡ್ತೀನಿ, ಬೇಕಾದ್ರೆ ಕೂರ್ಸಿ.”

ಆ ಮಾತಿನ ಬೆಲೆ ನನಗೆ ಮೊದಲು ತಿಳಿಯಲಿಲ್ಲ. ದೊಡ್ಡತ್ತೆ ಬೇರೆ ಊರಿಗೆ ಹೋಗಿದ್ದಾಗ ಮಧುಗಿರಿಯಿಂದ ಒಬ್ಬ ತಾಯಿ ಮಗಳನ್ನು ಕರೆತಂದಳು. ಸಂತೆಯಲ್ಲಿ ಒಬ್ಬ ಡಬ್ಬಿಯ ಬಿಳಿ ಪುಡಿ ಮಾರುತ್ತಿದ್ದ. ಕೊಂಡು ತಂದು ಅವಳ ಮುಖಕ್ಕೂ ಕತ್ತಿಗೂ ತೀಡಿ, ಕನ್ನಡಿ ತೋರಿಸಿ ಹಿಗ್ಗಿಸಿ ಕಳಿಸಿದೆ. ಗಂಡಿನ ಸೋದರತ್ತೆ ಒದ್ದೆ ಚುಂಗಿನಿಂದ ಒಂದು ಸಲ ಒರೆಸಿದಳಂತೆ, ಕೆನ್ನೆಯ ಮೇಲೆ ಅಡ್ಡಡ್ಡ ಪಟ್ಟೆ. “ಗೋಡೆಗೆ ಸುಣ್ಣ ಚೆನ್ನಾಗಿ ಹೊಡ್ದಿದೀರಿ. ಗೋಡೆ ಯಾವತ್ತು ತೋರಿಸ್ತೀರಿ” ಎಂದು ಎದ್ದುಹೋದರಂತೆ. ಆ ಹುಡುಗಿಗೆ ಮತ್ತೆ ಸಂಬಂಧ ಕೂಡಿಬರಲು ಮೂರು ವರ್ಷ ಹಿಡಿಯಿತು. ಅವಳ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಆ ಮೂರು ವರ್ಷ ಬಸವೇಶ್ವರನ ಗುಡಿಯಲ್ಲಿ ಕೈ ಮುಗಿದಾಗಲೆಲ್ಲ ನನ್ನ ಮಕ್ಕಳಿಗಿಂತ ಮೊದಲು ಅವಳ ಹೆಸರು ಬರುತ್ತಿತ್ತು.

ದೊಡ್ಡತ್ತೆ ಬಂದು ಆ ಡಬ್ಬಿಯನ್ನು ತಿಪ್ಪೆಗೆ ಸುರಿದರು. ಆಮೇಲೆ ನನ್ನನ್ನೇ ಮಣೆಯ ಮೇಲೆ ಕೂರಿಸಿ, ನನ್ನ ಮುಖದ ಮೇಲೆಯೇ ಪಾಠ ಹೇಳಿದರು. ಕಪ್ಪು ಮೈಗೆ ಬಿಳಿ ಪುಡಿ ಬೂದಿಯಂತೆ ಕೂರುತ್ತದೆ, ಹಚ್ಚಬೇಡ. ಹೆಸರು ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ತೊಳಿ. ತೊಳೆದ ಮುಖ ಪೂರಾ ಒಣಗುವ ಮೊದಲು ಅಂಗೈಯಲ್ಲಿ ಒಂದೇ ತೊಟ್ಟು ಕೊಬ್ಬರಿ ಎಣ್ಣೆ ಉಜ್ಜಿಕೊಂಡು ಒತ್ತು, ಹೆಚ್ಚಾದದ್ದನ್ನು ಹಳೆ ಬಟ್ಟೆಯಿಂದ ತೆಗೆ. ಕರಿಯ ಕಲ್ಲಿನ ಬಸವಣ್ಣನಿಗೆ ಎಣ್ಣೆ ಒರೆಸಿದಾಗ ಎಷ್ಟು ಮಿನುಗುತ್ತಾನೋ ಅಷ್ಟೇ ಮಿನುಗಬೇಕು, ಸುರಿಯಬಾರದು. ಅರಿಶಿನ ಕಡಿಮೆ ಮಾಡು, ಕಪ್ಪಿನ ಮೇಲೆ ಅದು ಹಸಿರು ತಿರುಗುತ್ತದೆ. ಕುಂಕುಮ ಕಿತ್ತಳೆಯಂತೆ ಇರಬಾರದು, ಗಟ್ಟಿ ಕೆಂಪು ಇರಬೇಕು, ಕೆಳಗೆ ಜೇನುಮೇಣ ಹಚ್ಚಿದರೆ ಸಂಜೆಯವರೆಗೆ ನಿಲ್ಲುತ್ತದೆ. ತುಟಿಗೆ ಬೆಣ್ಣೆ ಸಾಕು. ಎಲ್ಲಕ್ಕಿಂತ ಮುಖ್ಯ ಕಾಡಿಗೆ. ಕಪ್ಪಿಗೆ ಕಪ್ಪು ಏಕೆ ಎನ್ನುತ್ತಾರೆ ಜನ. ಕಾಡಿಗೆ ತೋರಿಸುವುದು ಕಪ್ಪನ್ನಲ್ಲ, ಕಣ್ಣಿನ ಬಿಳುಪನ್ನು.

ಇಷ್ಟೂ ಅಡಿಗೆಮನೆಯಲ್ಲೇ ಸಿಗುತ್ತಿತ್ತು. ಒದ್ದೆ ಚುಂಗಿಗೆ ಹೆದರುವ ಕಾರಣವೂ ಇರಲಿಲ್ಲ. ದೊಡ್ಡತ್ತೆ ಶಿವನ ಪಾದ ಸೇರಿದ ಮೇಲೆ ಹಿತ್ತಿಲ ಬಾಗಿಲು ನನಗೆ ಬಂತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅದನ್ನು ತೆರೆದಿಟ್ಟೆ. ಪುಟ್ಟತಾಯಿ ಬರುವ ಹೊತ್ತಿಗೆ ಎಲ್ಲ ಕಲಿತೆ ಎಂಬ ಧೈರ್ಯ ಬಂದಿತ್ತು. ಧೈರ್ಯ ಬಂದ ಕೈಯೇ ಜಾರುವುದು.

ಕಾಡಿಗೆಯ ಬಗೆ ಹೀಗೆ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಟ್ಟೆ ಅದ್ದಿ ಒಣಗಿಸಿ ಬತ್ತಿ ಹೊಸೆಯಬೇಕು. ಹರಳೆಣ್ಣೆಯಲ್ಲಿ ಉರಿಸಿ ಮೇಲೆ ತಟ್ಟೆ ಬೋರಲು ಹಾಕಬೇಕು. ಕೂತ ಮಸಿಯನ್ನು ಗರಿಯಿಂದ ಗುಡಿಸಿ, ಬಿಸಿ ಮಾಡಿ ಸೋಸಿದ ಹರಳೆಣ್ಣೆಯಲ್ಲಿ ಕಲಸಬೇಕು. ಸೋಸುವ ಬಟ್ಟೆಯೊಂದನ್ನು ದೊಡ್ಡತ್ತೆ ಗೂಟಕ್ಕೆ ನೇತುಹಾಕಿರುತ್ತಿದ್ದರು, ಬೇರೆಯದನ್ನು ಮುಟ್ಟಗೊಡುತ್ತಿರಲಿಲ್ಲ. ಪುಟ್ಟತಾಯಿಗೆಂದು ಕಾಡಿಗೆ ಮಾಡಿದ ದಿನ ಆ ಬಟ್ಟೆಯನ್ನು ಇಲಿ ಕಡಿದಿತ್ತು. ಎಣ್ಣೆ ಒಲೆಯ ಮೇಲೆ ಕಾದಿತ್ತು. ಬೆಳಿಗ್ಗೆ ತಾನೇ ಮಡಿವಾಳರ ನಂಜಮ್ಮ ತಂದಿಟ್ಟ ಗಂಟಿನಿಂದ ಒಂದು ಹಳೆಯ ಪಂಚೆ ಎಳೆದು, ಮೂಲೆ ಹರಿದು, ಸೋಸಿದೆ. ಒಗೆದ ಬಟ್ಟೆ, ಮಡಿ ಬಟ್ಟೆ, ಇದರಲ್ಲೇನು ತಪ್ಪು ಎಂದುಕೊಂಡೆ.

ರಂಗಪ್ಪನ ಜೊತೆ ಮೋಟಾರು ಹತ್ತುವಾಗ ಇದಾವುದೂ ನೆನಪಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಕಾಡಿಗೆಯ ಕರಡಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ದಾರಿಯಲ್ಲಿ ಮೋಟಾರು ಎರಡು ಸಲ ನಿಂತಿತು. ಎರಡನೆಯ ಸಲ ಡ್ರೈವರು ಇದ್ದಿಲು ಕೆದಕುತ್ತಿದ್ದಾಗ ಕರಡಿಗೆ ತೆಗೆದು ನನ್ನ ಎರಡು ಕಣ್ಣಿಗೂ ತುಂಬ ಹಚ್ಚಿಕೊಂಡೆ. ವಿಷವಾದರೆ ನನಗೂ ಆಗಲಿ ಎಂದು. ತಾವರೆಕೆರೆ ಮುಟ್ಟುವವರೆಗೆ ಒಂದು ಚೂರೂ ಉರಿಯಲಿಲ್ಲ. ಕಾಡಿಗೆಯಲ್ಲಿ ದೋಷವಿಲ್ಲ ಎಂದು ಜೀವಕ್ಕೆ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ರೆಪ್ಪೆಗಳು ಎರಡು ಹುಣಿಸೆಬೀಜ ಅಂಟಿಸಿದಂತೆ ಉಬ್ಬಿ ಬಿಗಿದಿದ್ದವು. ಕೆನ್ನೆಯ ಮೇಲೆ ನೀರುಗುಳ್ಳೆ. “ಬಸಮ್ಮಜ್ಜಿ ಬಂದ್ರಾ” ಎಂದು ನಾನಿರುವ ಕಡೆಗಲ್ಲ, ಬಾಗಿಲ ಕಡೆಗೆ ಮುಖ ತಿರುಗಿಸಿದಳು.

ಅವಳ ತಾಯಿ ಹನುಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು, “ನಾನೂ ಹಚ್ಕೊಂಡು ಬಂದಿದೀನಿ ಹನುಮಕ್ಕ. ನಂಗೇನೂ ಆಗಿಲ್ಲ ನೋಡು. ಯಾವುದೋ ಹುಳ ಮುಟ್ಟಿರಬೇಕು” ಎಂದೆ.

“ಹುಳ ಬಂದು ಎಲ್ಡು ಕಣ್ಣೂ ಅಳತೆ ಇಟ್ಟು ಮುಟ್ಟೋಯ್ತಾ” ಎಂದಳು ಹನುಮಕ್ಕ.

ಹುಡುಗಿಯನ್ನು ಅದೇ ಮೋಟಾರಿನಲ್ಲಿ ಶಿರಾದ ಆಸ್ಪತ್ರೆಗೆ ಕರೆತಂದೆವು. ಡಾಕ್ಟರು ಮದ್ದಿನ ನೀರಿನಿಂದ ಕಣ್ಣು ತೊಳೆದರು. ಬೆಳಕಿಗೆ ಹಿಡಿದು ರೆಪ್ಪೆ ಬಿಡಿಸಲು ನೋಡಿದರು, ಬಿಡಿಸಲಾಗಲಿಲ್ಲ. “ಊತ ಇಳಿಯೋವರೆಗೂ ಒಳಗೆ ಏನಾಗಿದೆ ಅಂತ ಹೇಳೋಕ್ಕಾಗಲ್ಲ. ಏನು ಹಾಕಿದ್ರಿ ಕಣ್ಣಿಗೆ” ಎಂದು ಕೇಳಿದರು. ಹನುಮಕ್ಕ ನನ್ನ ಕಡೆ ನೋಡಿದಳು. “ಮನೆಯಲ್ಲಿ ಮಾಡಿದ ಕಾಡಿಗೆ” ಎಂದೆ. “ಅದರಲ್ಲಿ ಏನಿತ್ತು.” ಎಲ್ಲ ಹೇಳಿದೆ, ಸೊಪ್ಪು, ಎಣ್ಣೆ, ಮಸಿ. ಬಟ್ಟೆಯ ಮಾತು ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಸೋಸುವ ಬಟ್ಟೆಯೂ ಕಾಡಿಗೆಯ ಒಂದು ಪಾಲು ಎಂದು ಹೊಳೆಯಲೇ ಇಲ್ಲ. ದಿನಾ ಬಂದು ತೊಳೆಸಿಕೊಳ್ಳಬೇಕೆಂದರು. ಆದ್ದರಿಂದ ತಾಯಿ ಮಗಳು ನಮ್ಮ ಮನೆಯಲ್ಲೇ ಉಳಿದರು. ನಾನು ಹುಡುಗಿಗೆ ರಾಗಿ ಗಂಜಿ ಕುಡಿಸಿದೆ. ಹನುಮಕ್ಕ ನಮ್ಮ ಮನೆಯ ಊಟ ಮುಟ್ಟಲಿಲ್ಲ, ಊರಿನಿಂದ ತಂದ ಮುದ್ದೆಯನ್ನೇ ಮುರಿದು ತಿಂದಳು.

ಮರುದಿನ ಬೆಳಿಗ್ಗೆ ನಂಜಮ್ಮ ಬಟ್ಟೆಗೆ ಬಂದಳು. ಗಂಟು ಕಟ್ಟುತ್ತ ಹುಡುಗಿಯ ಕಡೆ ನೋಡಿದವಳು ಗಂಟು ಬಿಟ್ಟು ಹತ್ತಿರ ಬಂದು ಕೂತಳು. ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ,

“ಇದು ಗೇರು ಕಣವ್ವ” ಎಂದಳು.

ಗೇರುಕಾಯಿ ಎಂದರೆ ಗೋಡಂಬಿಯ ಗೇರಲ್ಲ, ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಕಾಯಿ. ಸೂಜಿ ಚುಚ್ಚಿದರೆ ಕರಿಯ ರಸ ಬರುತ್ತದೆ, ಒಮ್ಮೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಮೈಗೆ ಹತ್ತಿದರೆ ಗುಳ್ಳೆ ಏಳುತ್ತದೆ.

“ನಮ್ಮ ನಾದಿನೀಗೆ ಹಿಂಗೇ ಆಗಿತ್ತು. ಕಾಯಿ ಚುಚ್ಚಿದ ಕೈಯಾಗೆ ಮಖ ಒರೆಸ್ಕಂಡಿದ್ಲು” ಎಂದಳು ನಂಜಮ್ಮ. “ಈ ಮಗೀಗೆ ಎಲ್ಲಿಂದ ಬಂತವ್ವ ಗೇರು. ಹಳ್ಳಿ ಮನೇಲಿ ಬಟ್ಟೆ ತಾವೇ ಒಗ್ಕಂತಾರೆ.”

ನನಗೆ ಆ ಪಂಚೆಯ ಮೂಲೆ ನೆನಪಾಯಿತು. ಅಡಿಗೆಮನೆಗೆ ಹೋದೆ. ಸೋಸಿದ ಬಟ್ಟೆ ಎಣ್ಣೆಯ ಕುಡಿಕೆಯ ಬಾಯಿಗೆ ಇನ್ನೂ ಕಟ್ಟಿಕೊಂಡೇ ಇತ್ತು. ಬಿಚ್ಚಿ ಹರಡಿದೆ. ಮಧ್ಯದಲ್ಲಿ ಎರಡು ಚುಕ್ಕಿ, ಕೆಳಗೊಂದು ಗೆರೆ. ನಮ್ಮ ಮನೆಯ ಗುರುತು. ಕಾಡಿಗೆಯಂತೆ ಕಪ್ಪಗಿರಬೇಕಾದ ಗುರುತು ಅಂಚಿನಲ್ಲೆಲ್ಲ ಕರಗಿ ಕಂದು ತಿರುಗಿತ್ತು. ಮಿಕ್ಕದ್ದು ಬಿಸಿ ಎಣ್ಣೆಗೆ ಇಳಿದಿತ್ತು.

ನಂಜಮ್ಮ ಹಿಂದೆಯೇ ಬಂದು ನಿಂತಿದ್ದಳು. ಬಟ್ಟೆ ನೋಡಿದಳು, ನನ್ನನ್ನು ನೋಡಿದಳು. “ಹಳೇ ಗುರ್ತು ಅಳಿಸೋಗಿತ್ತು ಅಂತ ಗಂಟು ತರೋ ಹಿಂದಿನ ದಿನ ಹೊಸದಾಗಿ ಹಾಕಿದ್ದೆ ಕಣವ್ವ. ಗುರ್ತು ಗಟ್ಟಿ ಕೂರೋಕೆ ಹಚ್ಚೋ ಸುಣ್ಣಾನೂ ಹಚ್ಚಿರಲಿಲ್ಲ. ನನ್ನ ಮ್ಯಾಲೆ ಹಾಕ್ಬುಡ್ಬೇಡ್ರವ್ವ, ನಾಕು ಮನೆ ಬಟ್ಟೆ ಬುಟ್ರೆ ನಂಗೆ ಗತಿಯಿಲ್ಲ.”

ನಿಜ ಹೇಳುತ್ತೇನೆ, ಒಂದು ಗಳಿಗೆ ಆ ಯೋಚನೆ ಬಂತು. ಮಡಿವಾಳಗಿತ್ತಿಯ ತಪ್ಪು ಎಂದರೆ ಊರು ನಂಬುತ್ತಿತ್ತು, ಹನುಮಕ್ಕನೂ ನಂಬುತ್ತಿದ್ದಳು. ನನ್ನ ಹಿತ್ತಿಲ ಬಾಗಿಲು ಉಳಿಯುತ್ತಿತ್ತು. ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಕೈ ತಾಗಿತು. ಅದನ್ನು ಹಿಡಿದುಕೊಂಡೇ ಪಡಸಾಲೆಗೆ ಬಂದು ಹನುಮಕ್ಕನ ಮುಂದೆ ಬಟ್ಟೆ ಹರಡಿದೆ.

“ಹುಳ ಅಲ್ಲ ಹನುಮಕ್ಕ. ನಾನು ಇದರಲ್ಲಿ ಎಣ್ಣೆ ಸೋಸಿದೆ. ನೋಡ್ಕೊಳ್ದೆ ಸೋಸಿದೆ. ತಪ್ಪು ನಂದು.”

ಹನುಮಕ್ಕ ಬಟ್ಟೆಯನ್ನು ನೋಡಿದಳು. “ನಿನ್ನ ಕೈ ಮುರಿಯ ಅನ್ನಾನ ಅಂದ್ರೆ, ನಿನ್ನೆಯಿಂದ ಆ ಕೈಯೇ ನನ್ನ ಮಗೀಗೆ ಗಂಜಿ ಕುಡಿಸ್ತಾ ಐತೆ. ಏನಂತ ಅನ್ಲಿ” ಎಂದಳು. ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವಳು ಅಂದಿನಿಂದ ‘ನೀನು’ ಎಂದಳು. ಅದು ಸಿಟ್ಟೋ ಸಲಿಗೆಯೋ ಇಂದಿಗೂ ತಿಳಿದಿಲ್ಲ.

ನಂಜಮ್ಮನೇ ಹೇಳಿದಂತೆ ಹಸಿ ಕೊತ್ತಂಬರಿ ಸೊಪ್ಪಿನ ರಸ ಹಿಂಡಿ ಕೆನ್ನೆಯ ಗುಳ್ಳೆಗೆ ಹಚ್ಚಿದೆವು. ಡಾಕ್ಟರಿಗೆ ಓಡಿಹೋಗಿ ಗೇರಿನ ಮಾತು ತಿಳಿಸಿದೆ. ಅವರು ಬೈದರು, ಆಮೇಲೆ, “ಈಗಲಾದರೂ ಗೊತ್ತಾಯ್ತಲ್ಲ” ಎಂದು ಬೇರೆ ಮುಲಾಮು ಕೊಟ್ಟರು. ಕಣ್ಣಿನ ಒಳಗಿನ ಮಾತು ಕೇಳಿದರೆ ಮಾತ್ರ ತಲೆ ಅಲ್ಲಾಡಿಸಿದರು.

ಅದೇ ಕಾಡಿಗೆಯನ್ನು ಇನ್ನೆರಡು ಮನೆಗೆ ಕೊಟ್ಟಿದ್ದೆ. ಬಿಸಿಲಲ್ಲಿ ಓಡಿದೆ. ಒಂದು ಮನೆಯಲ್ಲಿ ಸೊಸೆ ಹಚ್ಚಿಕೊಂಡಿದ್ದಳು, ಅವಳಿಗೆ ಏನೂ ಆಗಿರಲಿಲ್ಲ. ಎಲ್ಲರ ಮೈಗೂ ಗೇರು ಒಂದೇ ಬಗೆಯಲ್ಲಿ ಹತ್ತುವುದಿಲ್ಲವಂತೆ. ಇನ್ನೊಂದು, ಅತ್ತರಿನ ಸಾಬರ ಮನೆ. ಅವರ ಬೀಬಿ ಕರಡಿಗೆ ಹುಡುಕಿ ತಂದು, “ನಮ್ದು ಸುರ್ಮಾ ಮುಗ್ದಿಲ್ಲ, ನಿಮ್ದು ತೆಗ್ದೇ ಇಲ್ಲ ಬಸಮ್ಮ. ಯಾಕೆ, ವಾಪಸ್ ಬೇಕಾ. ಇಷ್ಟು ಬೇಗ ಜಿಪುಣಿ ಆದ್ರಾ” ಎಂದು ನಕ್ಕಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ನೀರು ತಂದುಕೊಟ್ಟಳು. ಇದು ಎರಡನೆಯ ಕರುಣೆ.

ಮೂರನೆಯ ದಿನ ನನ್ನ ರೆಪ್ಪೆಗಳೂ ತುರಿಸತೊಡಗಿದವು. ನಾಲ್ಕನೆಯ ದಿನ ಬೆಳಿಗ್ಗೆಗೆ ಉಬ್ಬಿದವು. ಮೋಟಾರಿನಲ್ಲಿ ನಾನು ಮಾಡಿದ ಪರೀಕ್ಷೆಯ ಫಲ ಅದು. ಗೇರು ಬಂದು ಹೇಳಲು ದಿನ ತೆಗೆದುಕೊಳ್ಳುತ್ತದೆ. ನೀವು ಯಾವುದನ್ನೇ ಹಚ್ಚುವ ಮುಂಚೆ ಮೊಳಕೈಯ ಒಳಬದಿಗೆ ಹಚ್ಚಿ ಮೂರು ದಿನ ಕಾಯಿರಿ. ಮದುವೆ ನಾಳೆ ಎಂದರೂ ಸರಿ, ಕಾಯದೆ ಇದ್ದರೆ ಹಚ್ಚಬೇಡಿ.

ಅಂದು ಪುಟ್ಟತಾಯಿಗೆ ಮುಲಾಮು ಹಚ್ಚಲು ಕೂತಾಗ ಅವಳ ಎಡಗಣ್ಣಿನ ರೆಪ್ಪೆ ಅಲುಗಿತು. ಹನುಮಕ್ಕ ನನ್ನ ತೋಳು ಹಿಡಿದಳು, ಉಗುರು ನಾಟುವಂತೆ. ರೆಪ್ಪೆ ಒಂದು ಗೆರೆಯಷ್ಟು ಬಿಟ್ಟಿತು. ಒಳಗೆ ಕೆಂಪಗೆ ಏನೋ ಮಿನುಗಿತು.

“ಏನಾನ ಕಾಣ್ತೈತೇನೇ” ಎಂದಳು ಹನುಮಕ್ಕ.

ಹುಡುಗಿ ತಲೆ ಓರೆ ಮಾಡಿ ನೋಡಿದಳು. “ಬಸಮ್ಮಜ್ಜಿ ಕಣ್ಣೂ ನನ್ನಂಗೇ ಆಗೈತೆ” ಎಂದಳು. ಆಮೇಲೆ, “ಇವರ್ನ ನೋಡೋಕೆ ಯಾವ ಗಂಡು ಬರ್ತಾನವ್ವ” ಎಂದಳು.

ಹನುಮಕ್ಕ ಅಳುತ್ತಲೇ ನಕ್ಕಳು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಉಂಡಳು.

ಮತ್ತೊಂದು ಕಣ್ಣೂ ಬಿಟ್ಟಿತು. ಆದರೆ ಹೆದರಿಕೆ ಹೋಗಲಿಲ್ಲ. ಒಂಬತ್ತನೆಯ ದಿನ ನಾನೂ ಅವರೊಡನೆ ತಾವರೆಕೆರೆಗೆ ಹೋದಾಗ ಅವಳ ರೆಪ್ಪೆಯ ಚರ್ಮ ಸುಲಿಯುತ್ತಿತ್ತು, ಕಪ್ಪು ಕೆನ್ನೆಯ ಮೇಲೆ ಅಲ್ಲಲ್ಲಿ ತಿಳಿ ಮಚ್ಚೆ. ಗಂಡಿನವರಿಗೆ ಈಗ ಬೇಡವೆಂದು ಹೇಳಿ ಕಳಿಸಿದ್ದರೆ ಅವರು ಮತ್ತೆ ಬರುತ್ತಾರೆಂಬ ನಂಬಿಕೆಯಿರಲಿಲ್ಲ. ರಂಗಪ್ಪ, “ಒಸಿ ಪೌಡ್ರು ಬಳಿದು ಮುಚ್ಚುಬುಡಿ” ಎಂದ. ನಾನು ಮುಚ್ಚಲಿಲ್ಲ. ಹೆಸರು ಹಿಟ್ಟನ್ನೂ ಹಚ್ಚಲಿಲ್ಲ. ಕಾಯಿಸಿ ಆರಿಸಿದ ನೀರಿನಲ್ಲಿ ಮುಖ ತೊಳೆದು, ಅವಳ ಮೊಳಕೈಯ ಮೇಲೆ ಮೂರು ದಿನ ಪರೀಕ್ಷಿಸಿದ್ದ ಕುಂಕುಮವನ್ನು ಹಣೆಗೆ ಇಟ್ಟೆ, ತಲೆಗೆ ಕನಕಾಂಬರ ಮುಡಿಸಿದೆ. ಕಾಡಿಗೆ ಇಲ್ಲ. ಕುಂಕುಮವನ್ನು ಎರಡು ಸಲ ಒರೆಸಿ ಮತ್ತೆ ಇಡಬೇಕಾಯಿತು.

ಗಂಡಿನ ತಾಯಿ ದಪ್ಪ ಹೆಂಗಸು, ಮೂಗಿನಲ್ಲಿ ಏಳು ಕಲ್ಲಿನ ಬೇಸರಿ. ಚುಂಗನ್ನು ನೀರಿಗೆ ಅದ್ದಿ ಕೆನ್ನೆ ಒರೆಸಿದಳು. ಚುಂಗು ಚೊಕ್ಕವಾಗಿಯೇ ಇತ್ತು. ಆದರೆ ಅವಳ ಕಣ್ಣು ರೆಪ್ಪೆಯ ಮೇಲೆ ನಿಂತಿತು.

“ಏಮಮ್ಮಾ, ಕಣ್ಣಿಗೆ ಏಮಾಯ್ತು. ದೃಷ್ಟಿ ಬಾಗೈತಾ ಇಲ್ಲಾ” ಎಂದಳು, ಪಾವಗಡದ ತೆಲುಗು ಬೆರೆತ ಮಾತಿನಲ್ಲಿ, ಕಣ್ಣು ಚೆನ್ನಾಗಿ ಕಾಣುತ್ತದೆಯೇ ಎಂದು.

ನಾನು ಬಾಯಿ ತೆರೆದೆ. ತಪ್ಪು ನನ್ನದು ಎನ್ನಬೇಕು, ಅಷ್ಟರಲ್ಲಿ ಪುಟ್ಟತಾಯಿ ತಲೆ ಎತ್ತಿ ಅವಳ ಮುಖವನ್ನೇ ನೋಡಿದಳು.

“ಕಾಡ್ಗೆ ಒಗ್ಗನಿಲ್ಲ, ಊದಿತ್ತು. ಈಗ ಕಾಣ್ತೈತೆ. ನಿಮ್ಮ ಬೇಸರೀನಾಗೆ ಒಂದು ಹಳ್ಳು ಬಿದ್ದೋಗೈತೆ, ಬಲಗಡೆ ಕೆಳಗ್ಲುದು.”

ಹನುಮಕ್ಕ ಕಣ್ಣು ಮುಚ್ಚಿಕೊಂಡಳು. ಹೆಂಗಸು ಬೇಸರಿ ಬಿಚ್ಚಿ ಅಂಗೈಯಲ್ಲಿ ಹಿಡಿದು ಎಣಿಸಿದಳು. ಆರು. ಗಂಡನ ಕಡೆ ತಿರುಗಿ, “ಹೊರಡುವಾಗ ಇವರಿಗೆ ಬೇಸರಿ ನೋಡಿ ಅಂದ್ರೆ, ಎಲ್ಲಾ ಬಾಗೈತೆ ಅಂದ್ರು. ಇಂಟ್ಲೋ ಇನ್ನು ಈ ಪಿಲ್ಲನೇ ನೋಡ್ಲಿ” ಎಂದಳು. ಮನೆಯಲ್ಲಿ ಇನ್ನು ಈ ಹುಡುಗಿಯೇ ನೋಡಲಿ ಎಂದರೆ ಒಪ್ಪಿಗೆ ಎಂದೇ. ಆಮೇಲೆ ನಾನು ಬಟ್ಟೆಯ ವಿಷಯವನ್ನೂ ಬಿಡದೆ ಹೇಳಿದೆ. ಅವಳು ಕೇಳಿಸಿಕೊಂಡು, ಹಾಗಾದರೆ ಮದುವೆಗೆ ಕಾಡಿಗೆ ನಾವೇ ತರುತ್ತೇವೆ ಎಂದಳು. ಅದೂ ನ್ಯಾಯವೇ.

ಮನೆಗೆ ಬಂದ ಮೊದಲ ಕೆಲಸ, ಕೆಂಪು ದಾರ ತೆಗೆದು ನಮ್ಮ ಮನೆಯ ಒಂದೊಂದು ಬಟ್ಟೆಯ ಮೂಲೆಗೂ ಎರಡು ಚುಕ್ಕಿ, ಒಂದು ಗೆರೆ ಹೊಲಿದೆ. ನಂಜಮ್ಮನಿಗೆ ಇನ್ನು ನಮ್ಮ ಬಟ್ಟೆಗೆ ಗೇರು ಚುಚ್ಚುವುದು ಬೇಡವೆಂದೆ. “ಎಲ್ಲರ ಮನೇಲೂ ನಿಮ್ಮಂಗೆ ಕುಂತು ಹೊಲೀತಾರಾ” ಎಂದಳು. ಹೊಲಿಯಲಿಲ್ಲ, ನಿಜ. ಆದರೆ ಅವಳ ಬೆರಳಿಗೆ ಒಂದು ಮನೆಯ ಗೇರಾದರೂ ತಪ್ಪಿತು.

ಆಮೇಲೆ ಹುರಳಿಕಾಳು ನೆನಪಾಯಿತು. ಯಜಮಾನರು ಮೊರದಲ್ಲಿದ್ದದ್ದು ಇಲಿಯ ಪಾಲಾದೀತೆಂದು, ಕೇರಿದ ಕಾಳನ್ನೂ ಕೇರದ ಕಾಳನ್ನೂ ಕಲ್ಲನ್ನೂ ಒಂದೇ ಮಡಕೆಗೆ ಸುರಿದಿಟ್ಟಿದ್ದರು. ಮಡಕೆಯನ್ನು ಬೆಳಕಿಗೆ ಎಳೆದುಕೊಂಡೆ. ಮೊದಲಿನಿಂದ ಕೇರಲು ಕೂತೆ.